‘ಆರಾಮ ಐತ್ರಿ’ ಅಂದರೆ ಸಾಕೇ?

ಹಾವೇರಿ ಜಿಲ್ಲೆ ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲಾಗಲಿ, ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಸೀಮೆಯ ಯಾವುದೇ ಊರಿನಲ್ಲಾಗಲಿ, ಎಪ್ಪತ್ತು ದಾಟಿದವರನ್ನು ‘ಹಲ್ಲಿನ ದವಾಖಾನಿಗೆ ಹೋಗಿದ್ರಲ್ಲ, ಹೆಂಗಾತು?’ ಎಂದು ಕೇಳಿ ನೋಡಿ. ‘ಆರಾಮ ಐತ್ರಿ’ ಎಂಬ ಉತ್ತರ ಬರುತ್ತದೆ. ಇನ್ನಷ್ಟು ಕೆದಕಿದರೆ ‘ವಯಸ್ಸಾತಲ್ರಿ, ಇನ್ನೇನ್ ಹಲ್ಲು’ ಎಂಬ ಮಾತು ಅದಕ್ಕೆ ಸೇರುತ್ತದೆ. ಸಮೀಕ್ಷೆಗೆ ಬಂದವರು ಇದನ್ನು ‘ತೃಪ್ತಿಕರ’ ಎಂಬ ಕಾಲಮ್ಮಿನಲ್ಲಿ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಅಜ್ಜ ಮಾತ್ರ ಆ ಹೊತ್ತಿಗೆ ರೊಟ್ಟಿ ಬಿಟ್ಟು ವರ್ಷವಾಗಿರುತ್ತದೆ.

ನಮ್ಮ ಎಚ್ಚರಿಕೆ ಆ ಕಾಲಮ್ಮಿನ ಬಗ್ಗೆಯೇ. ಹಿರಿಯರಿಗೆ ಹಲ್ಲಿನ ಚಿಕಿತ್ಸೆ ತೃಪ್ತಿ ತಂದಿದೆ ಎಂಬ ವರದಿಯನ್ನು ನಂಬಿಕೊಂಡು ಆರೋಗ್ಯ ಇಲಾಖೆ ಸುಮ್ಮನೆ ಕುಳಿತರೆ, ಇನ್ನು ಹತ್ತು ಹದಿನೈದು ವರ್ಷಗಳಲ್ಲಿ ಈ ಭಾಗದ ತಾಲೂಕು ಆಸ್ಪತ್ರೆಗಳು ತಡೆದುಕೊಳ್ಳಲಾಗದಷ್ಟು ಬಾಯಿಯ ರೋಗ ಬಾಗಿಲಿಗೆ ಬಂದು ನಿಲ್ಲುತ್ತದೆ. ಅದರ ಲಕ್ಷಣಗಳು ಈಗಲೇ ಕಾಣುತ್ತಿವೆ. ನೋಡುವವರಿಲ್ಲ, ಅಷ್ಟೆ.

ಮೊದಲು ಈ ತೃಪ್ತಿ ಎಲ್ಲಿಂದ ಬರುತ್ತದೆ ಎಂದು ನೋಡೋಣ. ನಮ್ಮ ಹಿರಿಯರಲ್ಲಿ ಬಹುಪಾಲು ಜನ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದು ನೋವು ತಡೆಯಲಾಗದೇ ಹೋದಾಗ. ಅದಕ್ಕೂ ಮೊದಲು ಲವಂಗ ಒತ್ತಿಕೊಂಡಿರುತ್ತಾರೆ, ಉಪ್ಪುನೀರು ಮುಕ್ಕಳಿಸಿರುತ್ತಾರೆ, ಔಷಧ ಅಂಗಡಿಯವನು ಕೊಟ್ಟ ಗುಳಿಗೆ ನುಂಗಿರುತ್ತಾರೆ, ತಪಕೀರು ತಿಕ್ಕಿರುತ್ತಾರೆ. ನಿದ್ದೆಗೆಟ್ಟು ಹೋದವರಿಗೆ ಡಾಕ್ಟರು ಹಲ್ಲು ಕಿತ್ತು ಕಳಿಸಿದರೆ ಆ ರಾತ್ರಿ ನಿದ್ದೆ ಬರುತ್ತದೆ. ಅವರಿಗೆ ಚಿಕಿತ್ಸೆ ಎಂದರೆ ಅದೇ, ತೃಪ್ತಿ ಎಂದರೂ ಅದೇ. ಆ ಹಲ್ಲನ್ನು ಉಳಿಸಬಹುದಿತ್ತು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಹೇಳಿದ್ದರೂ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸುವ ಖರ್ಚು, ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ಹುಟ್ಟುವ ಮಾತಲ್ಲ.

ಎರಡನೆಯದು ದಾಕ್ಷಿಣ್ಯ. ಬಿಳಿ ಕೋಟು ಹಾಕಿಕೊಂಡ ಹುಡುಗ ಹುಡುಗಿಯರು ಶಿಬಿರಕ್ಕೆ ಬಂದು ‘ಅಜ್ಜಾ, ಯಜ್ಜಿ’ ಎಂದು ಮಾತನಾಡಿಸಿ, ದುಡ್ಡು ತೆಗೆದುಕೊಳ್ಳದೆ ಬಾಯಿ ನೋಡಿ, ಕೊನೆಗೆ ತಾವೇ ‘ಹೇಗಿತ್ತು ಸೇವೆ?’ ಎಂದು ಕೇಳಿದರೆ ‘ಚಲೋ ಆಗಲಿಲ್ಲ’ ಅನ್ನುವ ಹಿರಿಯರು ನಮ್ಮಲ್ಲಿ ಹುಟ್ಟಿಲ್ಲ. ಪುಕ್ಕಟೆ ಬಂದದ್ದಕ್ಕೆ ಹೆಸರಿಡಬಾರದು ಎಂಬುದು ಅವರು ಬೆಳೆದ ರೀತಿ. ಮೇಲಾಗಿ, ಕೇಳುವುದು ಬಂದವರನ್ನು ಮಾತ್ರ. ಬಸ್ಸು ಹತ್ತಲಾರದವರು, ಕರೆದುಕೊಂಡು ಹೋಗಲು ಮಗನಿಗೆ ಬಿಡುವಿಲ್ಲದವರು, ಒಮ್ಮೆ ಹೋಗಿ ಬೇಸತ್ತು ಮತ್ತೆ ಹೋಗದವರು ಲೆಕ್ಕಕ್ಕೇ ಬರುವುದಿಲ್ಲ. ಅತೃಪ್ತರು ಮನೆಯಲ್ಲಿದ್ದಾರೆ, ಸಮೀಕ್ಷೆ ಆಸ್ಪತ್ರೆಯಲ್ಲಿ ನಡೆಯುತ್ತದೆ.

ಮೂರನೆಯದನ್ನು ಹೆಣ್ಣುಮಕ್ಕಳು ಬೇಗ ಗುರುತಿಸುತ್ತಾರೆ. ಈ ಸೀಮೆಯಲ್ಲಿ ಅತ್ತೆ ‘ರೊಟ್ಟಿ ಬಿರುಸಾಗೇತಿ’ ಅಂದರೆ ಅದು ಹಲ್ಲಿನ ದೂರು ಎಂದು ಯಾರೂ ತಿಳಿಯುವುದಿಲ್ಲ, ಸೊಸೆಯ ಕೈಯಡುಗೆಯ ದೂರು ಎಂದು ತಿಳಿಯುತ್ತಾರೆ. ಒಮ್ಮೆ ಅಂದು ಮನೆಯಲ್ಲಿ ಮುಖ ಊದಿಸಿಕೊಂಡದ್ದು ಕಂಡ ಮೇಲೆ ಆಕೆ ಮತ್ತೆ ಅನ್ನುವುದಿಲ್ಲ. ರೊಟ್ಟಿ ಮುರಿದು ಸಾರಿನಲ್ಲಿ ನೆನೆಹಾಕುತ್ತಾಳೆ. ಅದೂ ಆಗದಾಗ ಅನ್ನಕ್ಕೆ ಇಳಿಯುತ್ತಾಳೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರದೆ ‘ಹಸಿವಿಲ್ಲವಾ’ ಅಂದು ಜಾರಿಕೊಳ್ಳುತ್ತಾಳೆ. ಇವೆಲ್ಲ ಹಲ್ಲಿನ ಸಮಸ್ಯೆಗಳೇ. ಆದರೆ ಮನೆಯವರ ಕಣ್ಣಿಗೆ ಇವು ಮುಪ್ಪಿನ ಸ್ವಭಾವವಾಗಿ ಕಾಣುತ್ತವೆ.

ಇದನ್ನು ಅಳೆಯುವ ಸರಿಯಾದ ದಾರಿ ಇಲ್ಲವೆಂದಲ್ಲ. ಅಮೆರಿಕದ ಕ್ಯಾಥರಿನ್ ಅಚಿಸನ್ ಮತ್ತು ತೆರೇಸಾ ಡೋಲನ್ 1990ರಲ್ಲಿ ವೃದ್ಧರಿಗೆಂದೇ 12 ಪ್ರಶ್ನೆಗಳ ಒಂದು ಮಾಪನ ಸಿದ್ಧಪಡಿಸಿದರು. ಗೋಹೈ ಎಂಬ ಹೆಸರಿನಲ್ಲಿ ಅದು ಜಗತ್ತಿನ ಹಲವು ಭಾಷೆಗಳಿಗೆ ಹೋಗಿದೆ. ಅದು ‘ತೃಪ್ತಿ ಇದೆಯೇ’ ಎಂಬ ಒಂದೇ ಮಾತಿಗೆ ಜೋತುಬೀಳುವುದಿಲ್ಲ. ಕಳೆದ ಮೂರು ತಿಂಗಳಲ್ಲಿ ಹಲ್ಲಿನ ಕಾರಣಕ್ಕೆ ಏನನ್ನಾದರೂ ತಿನ್ನುವುದು ಬಿಟ್ಟಿರಾ, ಗಟ್ಟಿ ಪದಾರ್ಥ ಅಗಿಯಲು ತ್ರಾಸಾಯಿತೇ, ನಾಲ್ಕು ಜನರ ನಡುವೆ ಉಣ್ಣಲು ಸಂಕೋಚವಾಯಿತೇ, ನೋವಿಗೆ ಗುಳಿಗೆ ನುಂಗಿದಿರಾ ಎಂದು ಬಿಡಿಸಿ ಕೇಳುತ್ತದೆ. ಇಂಥ ಪ್ರಶ್ನೆಗೆ ‘ಆರಾಮ ಐತ್ರಿ’ ಎಂದು ಜಾರಲು ಬರುವುದಿಲ್ಲ. ನಮ್ಮ ಕಡೆ ಕೇಳಬೇಕಾದ್ದು ಇನ್ನೂ ಸರಳ: ಖಡಕ್ ರೊಟ್ಟಿ ತಿಂತೀರಾ? ಶೇಂಗಾ ಅಗಿತೀರಾ? ಊಟಕ್ಕೆ ಹಸಿ ಉಳ್ಳಾಗಡ್ಡಿ ಕಚ್ಚಿಕೊಳ್ತೀರಾ? ಮೂರಕ್ಕೂ ‘ಇಲ್ಲ’ ಅಂದರೆ ಅವರು ತೃಪ್ತರೋ ಅಲ್ಲವೋ ಎಂಬ ಚರ್ಚೆಯೇ ಬೇಡ.

ಇನ್ನು ಹಲ್ಲಿನ ಸೆಟ್ಟಿನ ವಿಷಯ. ಕರ್ನಾಟಕ ಸರ್ಕಾರ ಸುಮಾರು ಹತ್ತು ವರ್ಷಗಳ ಹಿಂದೆ ‘ದಂತಭಾಗ್ಯ’ ಯೋಜನೆ ತಂದಿತು. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಸರ್ಕಾರಿ ಮತ್ತು ಖಾಸಗಿ ದಂತ ವೈದ್ಯಕೀಯ ಕಾಲೇಜುಗಳ ಮೂಲಕ ಉಚಿತವಾಗಿ ಕೃತಕ ದಂತಪಂಕ್ತಿ ಕೊಡುವುದು ಅದರ ಉದ್ದೇಶ. ಮೊದಲು 60 ದಾಟಿದವರಿಗೆ ಮಾತ್ರ ಇದ್ದದ್ದನ್ನು ಆಮೇಲೆ 45ಕ್ಕೆ ಇಳಿಸಲಾಯಿತು. ದೇಶದಲ್ಲಿ ಇಂಥ ಯೋಜನೆ ಮಾಡಿದ ರಾಜ್ಯಗಳು ಹೆಚ್ಚಿಲ್ಲ. ಯೋಚನೆ ಒಳ್ಳೆಯದು, ಅದನ್ನು ನಾವು ಹೊಗಳುತ್ತೇವೆ. ತೊಡಕಿರುವುದು ಅದರ ಲೆಕ್ಕದಲ್ಲಿ. ಎಷ್ಟು ಸೆಟ್ಟು ಕೊಟ್ಟೆವು ಎಂಬುದನ್ನು ಎಣಿಸುವುದು ಸುಲಭ. ಆರು ತಿಂಗಳ ನಂತರ ಎಷ್ಟು ಸೆಟ್ಟು ಬಾಯಲ್ಲಿವೆ, ಎಷ್ಟು ಡಬ್ಬಿಯಲ್ಲಿವೆ ಎಂದು ಎಣಿಸುವವರು ಬೇಕು.

ಡಬ್ಬಿಗೆ ಯಾಕೆ ಹೋಗುತ್ತವೆ ಎಂಬುದಕ್ಕೆ ಕಾರಣ ದವಡೆಯಲ್ಲಿದೆ. ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ಎಲುಬಿಗೆ ಕೆಲಸವಿಲ್ಲ. ಅದು ಮಳೆಗೆ ಕರಗುವ ಹೊಲದ ಒಡ್ಡಿನ ಹಾಗೆ ವರ್ಷವರ್ಷಕ್ಕೂ ಸವೆಯುತ್ತ ತಗ್ಗಾಗುತ್ತದೆ. ಮೊದಲ ವರ್ಷ ಈ ಸವೆತ ಜಾಸ್ತಿ, ಆಮೇಲೆ ನಿಧಾನ, ಆದರೆ ನಿಲ್ಲುವುದೇ ಇಲ್ಲ. ಆಂಟ್ಯೆ ಟಾಲ್‌ಗ್ರೆನ್ ಎಂಬ ಸಂಶೋಧಕಿ ಸೆಟ್ಟು ಹಾಕಿಕೊಂಡವರನ್ನು 25 ವರ್ಷ ಬೆನ್ನುಹತ್ತಿ ಅಳೆದು 1972ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಈ ವಿಷಯದ ಆಧಾರ. ಮೇಲಿನ ದವಡೆಗಿಂತ ಕೆಳಗಿನ ದವಡೆ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುತ್ತದೆ ಎಂದು ಅವರು ತೋರಿಸಿದರು. ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿ ನಿಲ್ಲುತ್ತದೆ. ಕೆಳಗಿನದಕ್ಕೆ ಆ ಆಸರೆ ಇಲ್ಲ, ಒಂದು ಕಡೆ ನಾಲಗೆ, ಇನ್ನೊಂದು ಕಡೆ ಕೆನ್ನೆ ಅದನ್ನು ನೂಕುತ್ತಿರುತ್ತವೆ. ಹಾಗಾಗಿ ‘ಮ್ಯಾಲಿಂದು ಹಾಕ್ಕೊಂತೀನಿ, ಕೆಳಗಿಂದು ನಿಲ್ಲೂದಿಲ್ಲ’ ಎಂಬ ಮಾತು ಪ್ರತಿ ಊರಿನಲ್ಲೂ ಕೇಳುತ್ತದೆ.

ಸೆಟ್ಟು ಕೈಗೆ ಬಂದ ದಿನ ಕೆಲಸ ಅರ್ಧ ಮುಗಿದಂತೆ. ಒಸಡಿಗೆ ಒತ್ತುವ ಜಾಗವನ್ನು ಉಜ್ಜಿ ಸರಿಪಡಿಸಬೇಕು, ವಾರ ಬಿಟ್ಟು ಮತ್ತೆ ನೋಡಬೇಕು, ಎಲುಬು ಸವೆದಂತೆ ಒಳಪದರ ಹಾಕಿ ಬಿಗಿ ಮಾಡಬೇಕು, ಐದರಿಂದ ಏಳು ವರ್ಷಕ್ಕೆ ಹೊಸದು ಮಾಡಿಸಬೇಕು. ಸೆಟ್ಟು ಮಾಡಿಸುವುದಕ್ಕೇ ನಾಲ್ಕೈದು ಸಲ ಹೋಗಬೇಕು: ಅಳತೆ, ಮತ್ತೊಂದು ಅಳತೆ, ಕಡಿತದ ಗುರುತು, ಮೇಣದ ಮೇಲೆ ಪರೀಕ್ಷೆ, ಕೊನೆಗೆ ಕೊಡುವ ದಿನ. ಹತ್ತಿಮತ್ತೂರಿನವರಿಗೆ ಹೆಸರಾದ ದಂತ ಕಾಲೇಜೆಂದರೆ ಒಂದು ದಿಕ್ಕಿಗೆ ಧಾರವಾಡದ ಸತ್ತೂರಿನ ಎಸ್‌ಡಿಎಂ, ಇನ್ನೊಂದು ದಿಕ್ಕಿಗೆ ದಾವಣಗೆರೆ. ಎರಡೂ ಬೇರೆ ಜಿಲ್ಲೆ. ಎರಡು ಬಸ್ಸು ಬದಲಿಸಿ ಹೋಗಿ ಬರುವುದರಲ್ಲಿ ಒಂದು ದಿನ ಹೋಗುತ್ತದೆ, ಜೊತೆಗೆ ಹೋದವರ ಕೂಲಿಯೂ ಹೋಗುತ್ತದೆ. ‘ಶಕ್ತಿ’ ಯೋಜನೆ ಬಂದ ಮೇಲೆ ಅಜ್ಜಿಗೂ ಮಗಳಿಗೂ ಬಸ್ ಚಾರ್ಜಿನ ಚಿಂತೆ ತಪ್ಪಿದೆ. ಅಜ್ಜನಿಗೆ ಹಿರಿಯ ನಾಗರಿಕರ ಶೇ 25 ರಿಯಾಯಿತಿ ಮಾತ್ರ. ಸೆಟ್ಟು ಮಾಡಿಸಲು ಹೇಗೋ ನಾಲ್ಕೈದು ಸಲ ಹೋದ ಮನುಷ್ಯ, ‘ಇಲ್ಲಿ ಸ್ವಲ್ಪ ಒತ್ತತೈತಿ’ ಎಂದು ಆರನೆಯ ಸಲ ಹೋಗುವುದಿಲ್ಲ. ಸೆಟ್ಟು ಗೂಡು ಸೇರುತ್ತದೆ. ಹಬ್ಬಕ್ಕೆ, ಫೋಟೋಕ್ಕೆ ಹೊರಗೆ ಬರುತ್ತದೆ. ಕಾಗದದ ಮೇಲೆ ಆತ ಫಲಾನುಭವಿ.

ಸೆಟ್ಟನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನು ಹೇಳಿಕೊಡುವುದೂ ಚಿಕಿತ್ಸೆಯ ಭಾಗವೇ. ರಾತ್ರಿ ತೆಗೆದು ತೊಳೆದು ನೀರಿನಲ್ಲಿ ಇಡಬೇಕು ಎಂಬುದನ್ನು ಎಷ್ಟು ಜನರಿಗೆ ಬಿಡಿಸಿ ಹೇಳಿದ್ದೇವೆ? ಜಪಾನಿನಲ್ಲಿ 85 ದಾಟಿದವರ ಮೇಲೆ ನಡೆದ ಅಧ್ಯಯನವೊಂದು, ಸೆಟ್ಟು ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು ಎಂದು ಕಂಡುಕೊಂಡಿತು. ಬಾಯಿಯ ಕೊಳೆ ನಿದ್ದೆಯಲ್ಲಿ ಉಸಿರಿನೊಂದಿಗೆ ಪುಪ್ಪುಸಕ್ಕೆ ಇಳಿಯುತ್ತದೆ. ವಯಸ್ಸಾದವರು ‘ಕೆಮ್ಮು, ಜ್ವರ’ ಎಂದು ಮಲಗಿದಾಗ ಬಾಯಿ ತೆರೆದು ನೋಡುವ ರೂಢಿ ನಮ್ಮ ಡಾಕ್ಟರುಗಳಲ್ಲೂ ಕಡಿಮೆ.

ಹಲ್ಲಿಲ್ಲದ ಬಾಯಿ ತಟ್ಟೆಯನ್ನೂ ಬದಲಿಸುತ್ತದೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಮೂಲಂಗಿ, ಮೆಂತೆ ಸೊಪ್ಪು, ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ ಇದ್ದ ಊಟ ಅನ್ನ ಸಾರು, ಉಪ್ಪಿಟ್ಟು, ಚಹಾದಲ್ಲಿ ಅದ್ದಿದ ಬಿಸ್ಕೀಟಿಗೆ ಬಂದು ನಿಲ್ಲುತ್ತದೆ. ನಾರು ಹೋಯಿತು, ಪ್ರೋಟೀನು ಹೋಯಿತು, ಉಳಿದದ್ದು ಪಿಷ್ಟ ಮತ್ತು ಸಕ್ಕರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅಂದಾಜಿಸಿತು. ಸಕ್ಕರೆ ಕಾಯಿಲೆ ಇದ್ದವರ ಒಸಡು ಬೇಗ ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಹಾಗಿದ್ದೂ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಗುಳಿಗೆ ಕೊಡುವ ಕೌಂಟರಿಗೂ ಹಲ್ಲಿನ ಕುರ್ಚಿಗೂ ಪರಿಚಯವೇ ಇಲ್ಲ. ಬಿಪಿ, ಸಕ್ಕರೆ ಗುಳಿಗೆಗೆ ತಿಂಗಳು ತಿಂಗಳೂ ಬರುವ ಹಿರಿಯರ ಬಾಯನ್ನು ಯಾರೂ ತೆರೆಸಿ ನೋಡುವುದಿಲ್ಲ.

ಇಷ್ಟು ಇಂದಿನ ಎಪ್ಪತ್ತರವರ ಕಥೆ. ನಾವು ಹೆದರುತ್ತಿರುವುದು ಇಂದು ಐವತ್ತರ ಆಸುಪಾಸಿನಲ್ಲಿರುವವರ ಬಗ್ಗೆ. 2011ರ ಜನಗಣತಿಯಲ್ಲಿ ದೇಶದ 60 ದಾಟಿದವರು ಸುಮಾರು 10.4 ಕೋಟಿ, ನೂರಕ್ಕೆ ಒಂಬತ್ತಕ್ಕಿಂತ ತುಸು ಕಡಿಮೆ. ಕೇಂದ್ರ ಸರ್ಕಾರದ ತಜ್ಞರ ತಂಡದ ಅಂದಾಜಿನಂತೆ 2036ಕ್ಕೆ ಇವರು 22 ಕೋಟಿ ದಾಟುತ್ತಾರೆ, ನೂರಕ್ಕೆ ಹದಿನೈದು. ಕರ್ನಾಟಕ ಆಗಲೂ ಈಗಲೂ ರಾಷ್ಟ್ರೀಯ ಸರಾಸರಿಗಿಂತ ಒಂದು ಹೆಜ್ಜೆ ಮುಂದೆ. ದುಡಿಯುವ ಮಕ್ಕಳು ಹುಬ್ಬಳ್ಳಿ, ಬೆಂಗಳೂರು, ಗೋವೆ ಎಂದು ಹೊರಟ ಹಳ್ಳಿಗಳಲ್ಲಿ ಹಿರಿಯರ ಪಾಲು ಕಣ್ಣಿಗೇ ಕಾಣುತ್ತದೆ.

ಈ ಐವತ್ತರವರ ಬಾಯಿ ಅವರ ಅಪ್ಪ ಅಮ್ಮಂದಿರ ಬಾಯಿಯ ಹಾಗಿಲ್ಲ. ಪೇಸ್ಟು ಬಂದಿದೆ, ಹಲ್ಲು ಹೆಚ್ಚು ಕಾಲ ಉಳಿದಿವೆ. ಕೇಳಲು ಸಂತೋಷದ ಸುದ್ದಿ. ಆದರೆ ಉಳಿದ ಹಲ್ಲಿಗೆ ಒಸಡು ಜಾರಿ ಬೇರು ಬಯಲಾಗುತ್ತದೆ, ಬೇರಿಗೆ ಗಟ್ಟಿ ಹೊದಿಕೆ ಇಲ್ಲ, ಹುಳುಕು ಅಲ್ಲಿಂದ ಹೊಗುತ್ತದೆ. ಬಿಪಿ ಗುಳಿಗೆಗಳು ಬಾಯಿ ಒಣಗಿಸಿದರೆ ಹುಳುಕು ಇನ್ನೂ ಬೇಗ. ಹಲ್ಲಿಲ್ಲದ ಬೋಳು ಬಾಯಿಗೆ ಒಂದು ಸೆಟ್ಟಿನಿಂದ ಸಮಾಧಾನ ಹೇಳಬಹುದು. ಹದಿನೆಂಟು ಹಲ್ಲಿದ್ದು ಹತ್ತು ಬೇರು ಕೊಳೆತ ಬಾಯಿಗೆ ಸಿಮೆಂಟು ತುಂಬುವವರು, ಒಸಡು ಸ್ವಚ್ಛ ಮಾಡುವವರು ಬೇಕು. ಅದೂ ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿರುವ, ಸ್ಟೆಂಟ್ ಹಾಕಿಸಿಕೊಂಡ ರೋಗಿಗೆ. ‘ಹಲ್ಲು ಕಿತ್ತು ಕಳಿಸು’ ಎಂಬ ಇವತ್ತಿನ ಸುಲಭ ಉಪಾಯ ಆಗ ಸುಲಭವಾಗಿರುವುದಿಲ್ಲ.

ಇದಕ್ಕೆ ಗುಟ್ಕಾ ಸೇರಿಸಿಕೊಳ್ಳಿ. 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿತು. ಅಂದಿನಿಂದ ಪಾನ್ ಮಸಾಲೆಯದೊಂದು ಚೀಟಿ, ತಂಬಾಕಿನದೊಂದು ಚೀಟಿ ಬೇರೆಬೇರೆ ತೂಗಾಡುತ್ತಿವೆ, ಅಂಗೈಯಲ್ಲಿ ಒಂದಾಗುತ್ತವೆ. 2016-17ರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 16.3ರಷ್ಟು ಜನ ಹೊಗೆರಹಿತ ತಂಬಾಕು ಬಳಸುತ್ತಾರೆ. ಸವಣೂರಿನ ವೀಳ್ಯದೆಲೆಗೆ ನಾಡಿನಾಚೆಯೂ ಹೆಸರಿದೆ, ಎಲೆಯ ಮೇಲೆ ನಮ್ಮ ತಕರಾರಿಲ್ಲ. ಅದರೊಳಗಿನ ತಂಬಾಕಿನ ಮೇಲಿದೆ. ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕ ಎಂದು ಹೇಳಿ ಎರಡು ದಶಕ ಕಳೆದಿದೆ. ಹಾನಗಲ್ಲ ಕಡೆಯ ಅಡಿಕೆ ಬೆಳೆಗಾರರಿಗೆ ಈ ಮಾತು ರುಚಿಸದು. ಆದರೂ ಹೇಳದೆ ಇರಲಾಗದು. ಇಪ್ಪತ್ತೈದನೆಯ ವಯಸ್ಸಿಗೆ ಚೀಟಿ ಹರಿಯಲು ಕಲಿತವರು ಈಗ ಐವತ್ತಕ್ಕೆ ಬಂದಿದ್ದಾರೆ. ಬಾಯಿ ಪೂರ್ತಿ ತೆರೆಯಲಾಗದವರು, ಖಾರ ತಗುಲಿದರೆ ಕಣ್ಣಲ್ಲಿ ನೀರು ಬರುವವರು ಊರೂರಿನಲ್ಲಿದ್ದಾರೆ. ಬ್ಯಾಡಗಿ ಮೆಣಸಿನಕಾಯಿಯ ಜಿಲ್ಲೆಯಲ್ಲಿ ಖಾರ ತಿನ್ನಲಾಗದ ನಡುವಯಸ್ಕರು ಹೆಚ್ಚುತ್ತಿದ್ದಾರೆ ಎಂದರೆ ಯಾರಾದರೂ ಬೆಚ್ಚಬೇಕಿತ್ತು.

ಸಡಿಲ ಸೆಟ್ಟಿನ ಹುಣ್ಣು ಇಲ್ಲಿ ಇನ್ನೊಂದು ಅಪಾಯ ತರುತ್ತದೆ. ‘ಸೆಟ್ಟು ಒತ್ತಿ ಆದ ಹುಣ್ಣು’ ಎಂದು ತಿಂಗಳುಗಟ್ಟಲೆ ಸುಮ್ಮನಿದ್ದದ್ದು ಕೊನೆಗೆ ಕ್ಯಾನ್ಸರ್ ಆಗಿ ಹೊರಬೀಳುವುದು ವೈದ್ಯರಿಗೆ ಹೊಸದಲ್ಲ. ಎರಡು ವಾರದಲ್ಲಿ ಮಾಯದ ಹುಣ್ಣು ಯಾವುದೇ ಇರಲಿ, ಪರೀಕ್ಷೆ ಆಗಲೇಬೇಕು ಎಂಬುದು ನಿಯಮ. ಆದರೆ ತನ್ನ ಬಾಯಿ ‘ಆರಾಮ’ ಇದೆ ಎನ್ನುವ ಹಿರಿಯರನ್ನು ಆ ನಿಯಮಕ್ಕೆ ತರುವವರು ಯಾರು?

ಜಗತ್ತಿನ ಮಾತು ಬಂದರೆ, ನಮ್ಮ ಗತಿಯೇ ಎಲ್ಲರ ಗತಿ ಎಂದು ಸಮಾಧಾನಪಟ್ಟುಕೊಳ್ಳುವ ಹಾಗೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ 60 ದಾಟಿದವರಲ್ಲಿ ಶೇ 23ರಷ್ಟು ಜನ ಎಲ್ಲ ಹಲ್ಲು ಕಳೆದುಕೊಂಡಿದ್ದಾರೆ. ಆದರೆ ಜಪಾನು 1989ರಲ್ಲೇ ‘8020’ ಎಂಬ ಚಳವಳಿ ಹೂಡಿತು: ಎಂಬತ್ತನೆಯ ವಯಸ್ಸಿಗೆ ಇಪ್ಪತ್ತು ಸ್ವಂತ ಹಲ್ಲು. ಆಗ ಅದು ಬರಿಯ ಆಸೆಯಂತೆ ಕಂಡಿತ್ತು. 2016ರ ಹೊತ್ತಿಗೆ ಅಲ್ಲಿನ ಎಂಬತ್ತರವರಲ್ಲಿ ಅರ್ಧದಷ್ಟು ಜನ ಆ ಗುರಿ ಮುಟ್ಟಿದ್ದರು. ಮುಪ್ಪು ಬಂದರೆ ಹಲ್ಲು ಹೋಗಲೇಬೇಕು ಎಂಬ ನಮ್ಮ ನಂಬಿಕೆ ಅಲ್ಲಿ ಸುಳ್ಳಾಯಿತು.

ಇಲ್ಲಿ ಏನು ಮಾಡಬಹುದು? ಹೊಸ ಯೋಜನೆ, ಹೊಸ ಹೆಸರು, ಹೊಸ ಉದ್ಘಾಟನೆ ಬೇಡ. ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗಳಿಗೆ ಹೋಗಿ ಒಂದು ನಮೂನೆ ತುಂಬುತ್ತಾರೆ. ಬಾಯಲ್ಲಿ ಎರಡು ವಾರದಿಂದ ಮಾಯದ ಗಂಟು, ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ, ಬಾಯಿ ತೆರೆಯಲು ಕಷ್ಟವೇ, ಅಗಿಯುವಾಗ ನೋವಿದೆಯೇ ಎಂಬ ಪ್ರಶ್ನೆಗಳು ಅದರಲ್ಲಿ ಈಗಾಗಲೇ ಇವೆ. ಅಂದರೆ ಎಚ್ಚರಿಕೆಯ ಗಂಟೆಯನ್ನು ಸರ್ಕಾರವೇ ಕಟ್ಟಿಕೊಟ್ಟಿದೆ. ‘ಹೌದು’ ಎಂದು ಬಂದ ಉತ್ತರಗಳು ಫೈಲಿನಲ್ಲಿ ಕೂರದೆ ತಾಲೂಕು ಆಸ್ಪತ್ರೆಯ ದಂತ ವೈದ್ಯರ ಮೇಜಿಗೆ ಹೋಗುತ್ತವೆಯೇ, ಹೋದರೆ ಅವರಲ್ಲಿ ಎಷ್ಟು ಜನರನ್ನು ಕರೆಸಿ ನೋಡಿದರು ಎಂಬುದನ್ನು ಜಿಲ್ಲಾ ಆರೋಗ್ಯಾಧಿಕಾರಿ ತಿಂಗಳಿಗೊಮ್ಮೆ ಕೇಳಿದರೆ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ದಂತ ವೈದ್ಯರ ಹುದ್ದೆ ಇರುವುದಿಲ್ಲವಾದ್ದರಿಂದ ತಾಲೂಕು ಆಸ್ಪತ್ರೆಯ ಆ ಮೇಜೇ ಹಳ್ಳಿಯ ಹಿರಿಯರಿಗೆ ಮುಖ್ಯ ಬಾಗಿಲು. ಅದಕ್ಕೆ ಕುರ್ಚಿ ಇದ್ದು ಸಾಮಗ್ರಿ ಇಲ್ಲ, ಡಾಕ್ಟರಿದ್ದು ಸಹಾಯಕರಿಲ್ಲ ಎಂಬ ನೆಪ ಉಳಿಯಬಾರದು. ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ಹಣ ಕೊಡುವುದು ಇದಕ್ಕೇ.

ಸೆಟ್ಟಿನ ಮಟ್ಟಿಗೆ ನಮ್ಮ ಸಲಹೆ ಒಂದೇ. ದಂತ ಕಾಲೇಜುಗಳಿಗೆ ಹಣ ಕೊಡುವಾಗ ಒಂದು ಪಾಲನ್ನು ಆರು ತಿಂಗಳು ತಡೆಹಿಡಿಯಿರಿ. ಸೆಟ್ಟು ಬಾಯಲ್ಲಿದೆ, ಆ ಮನುಷ್ಯ ಅದರಲ್ಲಿ ಉಣ್ಣುತ್ತಿದ್ದಾನೆ ಎಂಬುದು ಖಚಿತವಾದ ಮೇಲೆ ಕೊಡಿ. ಹೀಗೆ ಮಾಡಿದರೆ ಕಾಲೇಜಿನವರೇ ತಿಂಗಳಿಗೊಮ್ಮೆ ತಂತ್ರಜ್ಞರನ್ನು ಕರೆದುಕೊಂಡು ಸವಣೂರಿಗೆ ಬರುತ್ತಾರೆ. ಒತ್ತುವ ಜಾಗ ಉಜ್ಜಲು, ಮುರಿದ ಸೆಟ್ಟು ಅಂಟಿಸಲು, ಒಳಪದರ ಹಾಕಲು ದೊಡ್ಡ ಯಂತ್ರವೇನೂ ಬೇಡ. ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯ ನಮ್ಮದು. ಹಾವೇರಿಗೆ ವೈದ್ಯಕೀಯ ಕಾಲೇಜೂ ಬಂದಿದೆ. ಇಷ್ಟಿದ್ದೂ ಒಂದು ಸೆಟ್ಟು ಸರಿಮಾಡಿಸಿಕೊಳ್ಳಲು ಎಂಬತ್ತರ ಮನುಷ್ಯ ಜಿಲ್ಲೆ ದಾಟಬೇಕು ಎಂದರೆ ಅದು ಬಡತನದ ಮಾತಲ್ಲ, ವ್ಯವಸ್ಥೆಗೇಡಿನ ಮಾತು.

ವಿಮೆಯ ಭರವಸೆಯೂ ಇಲ್ಲಿ ಉಪಯೋಗಕ್ಕೆ ಬಾರದು. 2024ರ ಅಕ್ಟೋಬರ್‌ನಿಂದ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್‌ನಲ್ಲಿ 5 ಲಕ್ಷ ರೂಪಾಯಿಯ ರಕ್ಷಣೆ ಎಂದು ಕೇಂದ್ರ ಘೋಷಿಸಿದೆ. ಅದು ಆಸ್ಪತ್ರೆಯಲ್ಲಿ ಮಲಗಿದವರಿಗೆ. ಹುಳುಕು ತುಂಬಿಸಲು, ರೂಟ್ ಕೆನಾಲಿಗೆ, ಸೆಟ್ಟಿಗೆ ಅದು ಬರುವುದಿಲ್ಲ. ಹಲ್ಲಿನ ಹುಳುಕಿಗೆ ಕಾಸಿಲ್ಲ, ಅದೇ ಬಾಯಿಯ ಕ್ಯಾನ್ಸರಿಗೆ ಲಕ್ಷಗಟ್ಟಲೆ ಇದೆ. ಈ ಲೆಕ್ಕ ತಿರುವುಮುರುವಾಗಿದೆ ಎಂದು ಈ ಭಾಗದ ಶಾಸಕರು, ಸಂಸದರು ಒಮ್ಮೆಯಾದರೂ ಸದನದಲ್ಲಿ ಎತ್ತಲಿ.

ಸರ್ಕಾರ ಏಳುವ ತನಕ ಮನೆಯವರು ಕಾಯಬೇಕಿಲ್ಲ. ನಿಮ್ಮ ಮನೆಯ ಹಿರಿಯರನ್ನು ‘ಆರಾಮ ಅದೀರೇನು’ ಎಂದು ಕೇಳುವುದನ್ನು ಇಂದಿಗೆ ಬಿಡಿ. ಉಣ್ಣುವಾಗ ಎದುರಿಗೆ ಕೂತು ಅವರು ಏನನ್ನು ಬದಿಗೆ ಸರಿಸುತ್ತಾರೆ ಎಂದು ನೋಡಿ. ಸೆಟ್ಟು ತೆಗೆಸಿ, ಹಗಲು ಬೆಳಕಿನಲ್ಲಿ ನಾಲಗೆಯ ಅಡಿ, ಕೆನ್ನೆಯ ಒಳಬದಿ, ಒಸಡು ನೋಡಿ. ಎರಡು ವಾರ ಮೀರಿದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಅವರು ‘ಏನಿಲ್ಲ ಬಿಡಪಾ’ ಅಂದರೂ ಬಿಡದೆ ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಆರೋಗ್ಯ ಸಹಾಯವಾಣಿ 104 ಇದೆ, ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ಎರಡಕ್ಕೂ ಕರೆ ಉಚಿತ.